ಬೆನ್ನು ಕಾಯ್ದ ಕಲ್ಲು

ಹಳೆಯ ದಾರಿಗಳ ಪಕ್ಕದಲ್ಲಿ, ಬಾವಿಯ ಬಳಿಯಲ್ಲೋ ಮರದ ನೆರಳಿನಲ್ಲೋ, ಎರಡು ಕಲ್ಲುಕಂಬಗಳನ್ನು ನೆಟ್ಟು ಮೇಲೆ ಅಡ್ಡಲಾಗಿ ಒಂದು ಚಪ್ಪಡಿ ಇಟ್ಟಿರುವುದು ದಕ್ಷಿಣ ಭಾರತದಲ್ಲಿ ಅಲ್ಲಲ್ಲಿ ಇನ್ನೂ ಕಾಣಸಿಗುತ್ತದೆ. ಕೂರೋಣವೆಂದರೆ ತೀರ ಎತ್ತರ, ಅಡಿಯಲ್ಲಿ ಹಾದು ಹೋಗೋಣವೆಂದರೆ ತೀರ ಗಿಡ್ಡ. ಹೊಸಬರು ಅದನ್ನು ಯಾವುದೋ ಹಾಳುಗುಡಿಯ ಬಾಗಿಲುವಾಡವೆಂದು ತಿಳಿಯುವುದುಂಟು. ಊರಿನ ಹಿರಿಯರನ್ನು ಕೇಳಿದರೆ ಮಾತ್ರ ಗೊತ್ತಾಗುತ್ತದೆ, ಇದು ಹೊರೆಗಲ್ಲು. ತಲೆಯ ಮೇಲೆ ಹೊರೆ ಹೊತ್ತು ನಡೆದವರು ಭಾರ ಇಳಿಸಿ ದಣಿವಾರಿಸಿಕೊಳ್ಳಲು ಮಾಡಿದ ಏರ್ಪಾಡು.

ಅದರ ಜಾಣತನವೆಲ್ಲ ಇರುವುದು ಎತ್ತರದಲ್ಲಿ. ಚಪ್ಪಡಿ ಸುಮಾರಾಗಿ ನಿಂತ ಆಳಿನ ಹೆಗಲ ಮಟ್ಟಕ್ಕೆ ಬರುತ್ತದೆ. ಹೊರೆಯವನು ಕಲ್ಲಿನ ಹತ್ತಿರ ಬಂದು, ಮೊಣಕಾಲನ್ನು ಕೊಂಚ ಸಡಿಲಿಸಿ, ತಲೆಯ ಮೇಲಿನ ಮೂಟೆಯನ್ನು ಚಪ್ಪಡಿಯ ಮೇಲಕ್ಕೆ ಜಾರಿಸುತ್ತಾನೆ. ನೀರು ಕುಡಿದು, ಎಲೆಯಡಿಕೆ ಹಾಕಿಕೊಂಡು, ಮತ್ತೆ ಹೊರಡುವಾಗ ಕಲ್ಲಿಗೆ ಒತ್ತಿ ನಿಂತು ತಲೆಯನ್ನು ಮೂಟೆಯ ಅಂಚಿಗೆ ಕೊಟ್ಟು ಎಳೆದುಕೊಳ್ಳುತ್ತಾನೆ. ಎಲ್ಲಿಯೂ ಸೊಂಟ ಬಗ್ಗಿಸುವ ಪ್ರಮೇಯವಿಲ್ಲ. ಇನ್ನೊಬ್ಬರ ಸಹಾಯವೂ ಬೇಕಿಲ್ಲ.

ಈ ಕೊನೆಯ ಮಾತು ಸಣ್ಣದಲ್ಲ. ಮೂಟೆಯನ್ನು ಒಮ್ಮೆ ನೆಲಕ್ಕೆ ಇಳಿಸಿದರೆ ಒಬ್ಬನೇ ಅದನ್ನು ತಲೆಗೇರಿಸಿಕೊಳ್ಳುವುದು ಕಷ್ಟ. ಸೌದೆ ಹೊರೆಯಾಗಲಿ ಹುಲ್ಲಿನ ಹೊರೆಯಾಗಲಿ ನೆಲಕ್ಕಿಟ್ಟವರು ದಾರಿಯಲ್ಲಿ ಯಾರಾದರೂ ಬರುವವರೆಗೆ ಕಾದು, 'ಸ್ವಲ್ಪ ಕೈ ಹಾಕಪ್ಪ' ಎಂದು ಹಳೆ ಮೈಸೂರಿನ ಕಡೆಯಲ್ಲಿ, 'ಜರಾ ಕೈ ಹಚ್ಚೋ ತಮ್ಮಾ' ಎಂದು ಉತ್ತರ ಕರ್ನಾಟಕದಲ್ಲಿ ಕೇಳಬೇಕಾಗುತ್ತಿತ್ತು. ಹೊರೆ ಎತ್ತಿಸುವುದಕ್ಕೆ ಜಾತಿ, ಪರಿಚಯ ಯಾವುದನ್ನೂ ನೋಡದೆ ಕೈ ಕೊಡುವುದು ದಾರಿಹೋಕರ ಮರ್ಯಾದೆಯಾಗಿತ್ತು ಎಂದು ಹೇಳಬಹುದಾದರೂ, ಎಲ್ಲ ದಾರಿಯಲ್ಲೂ ಎಲ್ಲ ಹೊತ್ತಿನಲ್ಲೂ ಜನ ಸಿಗುವುದಿಲ್ಲ. ಮೈ ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದ ಕಾಲದಲ್ಲಿ ಆ ಮರ್ಯಾದೆ ಎಲ್ಲರಿಗೂ ಸಮನಾಗಿ ಸಿಕ್ಕಿತೆಂದು ನಂಬುವುದೂ ಕಷ್ಟ. ಕಲ್ಲು ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ತಮಿಳಿನಲ್ಲಿ ಇದಕ್ಕೆ ಸುಮೈತಾಂಗಿ ಎಂದು ಹೆಸರು. ಸುಮೈ ಎಂದರೆ ಹೊರೆ, ತಾಂಗಿ ಎಂದರೆ ಆತುಕೊಳ್ಳುವುದು. ಮನೆಯ ಭಾರವೆಲ್ಲ ಹೊತ್ತವನನ್ನೂ ಆ ಭಾಷೆಯಲ್ಲಿ ಹಾಗೆಯೇ ಕರೆಯುತ್ತಾರೆ. 1962ರಲ್ಲಿ ಅದೇ ಹೆಸರಿನ ತಮಿಳು ಸಿನಿಮಾ ಕೂಡ ಬಂದಿತ್ತು. ಮಲಯಾಳದಲ್ಲಿ ಚುಮಡುತಾಂಗಿ, ಇಲ್ಲವೆ ಅತ್ತಾಣಿ. ಕೇರಳದಲ್ಲಿ ಅಂಗಮಾಲಿಯ ಬಳಿ ಒಂದು, ತ್ರಿಶೂರಿನ ಬಳಿ ಒಂದು ಅತ್ತಾಣಿ ಎಂಬ ಊರುಗಳೇ ಇವೆ. ಗಾಡಿ ಓಡದ, ಹೊಳೆ ಹಳ್ಳಗಳಿಂದ ತುಂಬಿದ ಆ ನಾಡಿನಲ್ಲಿ ಸರಕು ಬಹುಮಟ್ಟಿಗೆ ಮನುಷ್ಯರ ತಲೆಯ ಮೇಲೆಯೇ ಸಾಗಿತು ಎಂಬುದಕ್ಕೆ ಊರ ಹೆಸರುಗಳೇ ಸಾಕ್ಷಿ ಹೇಳುತ್ತವೆ.

ತಮಿಳು ನಾಡಿನ ಇಂಥ ಅನೇಕ ಕಲ್ಲುಗಳ ಹಿಂದೆ ಒಂದು ಸಾವು ಇದೆ. ಬಸುರಿಯಾಗಿದ್ದಾಗಲೋ ಹೆರಿಗೆಯಲ್ಲೋ ಹೆಂಗಸು ತೀರಿಕೊಂಡರೆ ಅವಳು ತನ್ನ ಹೊರೆಯನ್ನು ಇಳಿಸದೆಯೇ ಹೋದಳು ಎಂಬುದು ಅಲ್ಲಿನ ಭಾವನೆ. ಅವಳ ಹೆಸರಿನಲ್ಲಿ ದಾರಿಯ ಪಕ್ಕ ಒಂದು ಕಲ್ಲು ನಿಲ್ಲಿಸಿದರೆ, ಅಲ್ಲಿ ಬೇರೆಯವರು ಇಳಿಸಿದ ಪ್ರತಿ ಹೊರೆಯಿಂದಲೂ ಅವಳ ಭಾರ ಅಷ್ಟಷ್ಟು ಕಡಿಮೆಯಾಗುತ್ತದೆ ಎಂದು ಮನೆಯವರು ನಂಬಿದರು. ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಅರವಟಿಗೆ ಇಟ್ಟಂತೆ, ಕಟ್ಟೆ ಕಟ್ಟಿಸಿದಂತೆ. ನೇಪಾಳದ ಬೆಟ್ಟದ ದಾರಿಗಳಲ್ಲಿಯೂ ಅರಳಿ, ಆಲದ ಮರಗಳ ಸುತ್ತ ಮೆಟ್ಟಿಲಿನಂತೆ ಕಲ್ಲು ಕಟ್ಟಿದ 'ಚೌತಾರಿ'ಗಳಿದ್ದು, ಬೆನ್ನಿನ ಬುಟ್ಟಿಯನ್ನು ಹಾಗೆಯೇ ಹಿಂದಕ್ಕೆ ಆನಿಸಿ ನಿಲ್ಲಲು ತಕ್ಕ ಎತ್ತರದಲ್ಲಿರುತ್ತವೆ. ಅವೂ ಬಹಳಷ್ಟು ಸತ್ತ ಬಂಧುಗಳ ನೆನಪಿಗೆ ಕಟ್ಟಿಸಿದವು.

ಏತದ ಲೆಕ್ಕ

ನೆಲದಿಂದ ಭಾರ ಎತ್ತುವುದು ಬೆನ್ನಿಗೆ ಯಾಕೆ ಅಷ್ಟು ಕಷ್ಟ ಎಂಬುದನ್ನು ತಿಳಿಯಲು ಏತವನ್ನು ನೆನೆದರೆ ಸಾಕು. ಏತದಲ್ಲಿ ಊರೆಗಂಬದ ಒಂದು ಕಡೆಗೆ ಉದ್ದನೆಯ ತೊಲೆ, ಇನ್ನೊಂದು ಕಡೆಗೆ ಗಿಡ್ಡ. ಗಿಡ್ಡ ತುದಿಯಲ್ಲಿ ಬಲ ಹಾಕುವವನಿಗೆ ಉದ್ದ ತುದಿಯ ಬಾನಿ ಹಲವು ಪಟ್ಟು ಭಾರವಾಗಿ ತೋರುತ್ತದೆ. ಮುಂದಕ್ಕೆ ಬಗ್ಗಿದ ಮನುಷ್ಯನೂ ಒಂದು ಏತವೇ. ಸೊಂಟದ ಭಾಗದ ಬೆನ್ನೆಲುಬಿನ ಎರಡು ಮಣಿಗಳ ನಡುವಿನ ಮೆತ್ತನೆಯ ಬಿಲ್ಲೆ, ಅಂದರೆ ಡಿಸ್ಕ್, ಅದರ ಊರೆ. ಬೆನ್ನನ್ನು ಹಿಂದಕ್ಕೆ ಎಳೆದು ಹಿಡಿಯುವ ಸ್ನಾಯು ಆ ಊರೆಯಿಂದ ಬರೀ 5 ಸೆಂಟಿಮೀಟರ್ ಆಚೆಗಿದೆ. ಕೈಯಲ್ಲಿರುವ ಮೂಟೆ 50 ಸೆಂಟಿಮೀಟರ್ ಮುಂದಿದ್ದರೆ, 20 ಕಿಲೋ ಮೂಟೆಯನ್ನು ತಡೆದು ನಿಲ್ಲಿಸಲು ಆ ಸ್ನಾಯು 200 ಕಿಲೋ ತೂಕಕ್ಕೆ ಸಮನಾಗಿ ಎಳೆಯಬೇಕು. ಮುಂದಕ್ಕೆ ಬಾಗಿದ ಎದೆ, ತಲೆ, ತೋಳುಗಳ ಭಾರ ಇದರ ಮೇಲೆ ಬೇರೆ. ಇಷ್ಟನ್ನೂ ತಾಳಿಕೊಳ್ಳಬೇಕಾದದ್ದು ಆ ಪುಟ್ಟ ಬಿಲ್ಲೆ.

ಇದು ಕಾಗದದ ಲೆಕ್ಕವಾಗಿಯೇ ಉಳಿಯಲಿಲ್ಲ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್‌ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡವನ್ನು ಅಳೆದರು. 1999ರಲ್ಲಿ ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬನೇ ವ್ಯಕ್ತಿಯ ಮೇಲೆ, ಆದರೆ ಇನ್ನಷ್ಟು ಸೂಕ್ಷ್ಮವಾದ ಉಪಕರಣದಿಂದ, ಅದೇ ಪ್ರಯೋಗವನ್ನು ಮಾಡಿದರು. ಸುಮ್ಮನೆ ನಿಂತಾಗ ಡಿಸ್ಕಿನ ಒತ್ತಡ 0.5 ಮೆಗಾಪಾಸ್ಕಲ್. 20 ಕಿಲೋ ಭಾರವನ್ನು ಬೆನ್ನು ಬಗ್ಗಿಸಿ ಎತ್ತಿದಾಗ 2.3. ಮೊಣಕಾಲು ಮಡಿಸಿ ಎತ್ತಿದಾಗ 1.7. ಅದೇ ಭಾರವನ್ನು ಮೈಗೆ ಅವಚಿ ಹಿಡಿದು ನಿಂತಾಗ 1.1. ಈ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು. ಮೊಣಕಾಲು ಮಡಿಸಿದ್ದರಿಂದ ಒತ್ತಡ ಕಡಿಮೆಯಾಯಿತು, ನಿಜ. ಆದರೆ ನಿಂತವನಿಗಿಂತ ಅದು ಇನ್ನೂ ಮೂರು ಪಟ್ಟು ಹೆಚ್ಚು. ನೆಲದಿಂದ ಎತ್ತುವ ಕೆಲಸವೇ ಇಲ್ಲದಿದ್ದರೆ ಮಾತ್ರ ಬೆನ್ನಿಗೆ ದೊಡ್ಡ ಉಪಕಾರ.

ಕೂರುವ ಬಗೆಯ ಬಗ್ಗೆ ಇದೇ ಪ್ರಯೋಗದಿಂದ ಒಂದು ಸಮಾಧಾನವೂ ಸಿಕ್ಕಿತು. ನಿಂತದ್ದಕ್ಕಿಂತ ಕೂತಾಗ ಡಿಸ್ಕಿನ ಮೇಲೆ ಒತ್ತಡ ಹೆಚ್ಚು ಎಂದು ನಾಕೆಮ್‌ಸನ್ ಕಂಡಿದ್ದರು. ಸಡಿಲವಾಗಿ ಕೂತರೆ ಅಂಥ ವ್ಯತ್ಯಾಸವೇನಿಲ್ಲ ಎಂದು ಉಲ್ಮ್‌ನವರು ಕಂಡರು. 'ಕೋಲು ನುಂಗಿದ ಹಾಗೆ' ನೆಟ್ಟಗೆ ಕೂರಬೇಕೆಂದು ಶಾಲೆಯ ಮೇಷ್ಟರು ಬೆನ್ನಿಗೆ ಗುದ್ದುತ್ತಿದ್ದುದಕ್ಕೆ ಅಷ್ಟೊಂದು ಆಧಾರ ಇರಲಿಲ್ಲವೆಂದಾಯಿತು. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರುವುದು ತೊಂದರೆ, ಆಗಾಗ ಎದ್ದು ಓಡಾಡಬೇಕು ಎಂಬುದಷ್ಟೇ ಈಗ ವೈದ್ಯರು ಒತ್ತಿ ಹೇಳುವ ಮಾತು.

ಸೊಂಟನೋವಿಗೂ ಡಿಸ್ಕಿಗೂ ಇರುವ ಸಂಬಂಧ ವೈದ್ಯಕ್ಕೆ ಗೊತ್ತಾದದ್ದೇ ಇತ್ತೀಚೆಗೆ. ಕೂಲಿಗಳ, ಹೊರೆಯಾಳುಗಳ ಕಾಯಿಲೆಗಳನ್ನು ಪ್ರತ್ಯೇಕವಾಗಿ ಗಮನಿಸಿದವರಲ್ಲಿ ಮೊದಲಿಗನೆಂದರೆ ಇಟಲಿಯ ಬರ್ನಾರ್ಡಿನೊ ರಮಾಜಿನಿ. 1700ರಲ್ಲಿ ಮೊಡೆನಾ ನಗರದಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಕುಶಲಕರ್ಮಿಗಳ ಒಂದೊಂದು ಕಸುಬಿಗೂ ಒಂದೊಂದು ಅಧ್ಯಾಯವಿದೆ. ಆದರೆ ಡಿಸ್ಕ್ ಹೊರಕ್ಕೆ ಉಬ್ಬಿ ನರವನ್ನು ಒತ್ತುವುದರಿಂದ ಕಾಲಿಗಿಳಿಯುವ ನೋವು ಬರಬಹುದೆಂದು ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು ತೋರಿಸಿಕೊಟ್ಟದ್ದು 1934ರಲ್ಲಿ. ಅಲ್ಲಿಯವರೆಗೆ ಪಶ್ಚಿಮದಲ್ಲಿ ಅದು ಹೆಚ್ಚಾಗಿ ಶೀತ, ಸಂಧಿವಾತಗಳ ಲೆಕ್ಕಕ್ಕೆ ಹೋಗುತ್ತಿತ್ತು. ನಮ್ಮ ಆಯುರ್ವೇದ ಅದನ್ನು ಗೃಧ್ರಸಿ ಎಂದು ಕರೆದು ವಾತದ ಲೆಕ್ಕಕ್ಕೆ ಹಾಕಿತ್ತು. ಕಾಲೆಳೆದು ನಡೆಯುವವನ ನಡಿಗೆ ಹದ್ದಿನ ನಡಿಗೆಯಂತೆ ಕಾಣುವುದರಿಂದ ಆ ಹೆಸರು. ಹಳ್ಳಿಗಳಲ್ಲಿ, ತಾಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಕಾಲಿನಿಂದ ಸೊಂಟಕ್ಕೆ ತಾಗಿಸಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲ. ಬಹುತೇಕ ಸೊಂಟ ಉಳುಕುಗಳು ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುವುದರಿಂದ ಅಂಥವರಿಗೆ ಒಳ್ಳೆಯ ಹೆಸರೂ ಬರುತ್ತದೆ.

ಸಿಂಬೆಯ ಮೇಲಿನ ಭಾರ

ಶಾಸ್ತ್ರ ತಿಳಿಯದಿದ್ದರೂ ಹೊರುವವರಿಗೆ ಉಪಾಯ ತಿಳಿದಿತ್ತು. ತಲೆಯ ಮೇಲೆ ಬಟ್ಟೆಯದೋ ಹುಲ್ಲಿನದೋ ಸಿಂಬೆ ಇಟ್ಟು ಅದರ ಮೇಲೆ ಕೊಡ, ಬುಟ್ಟಿ, ಮೂಟೆ ಇಡುವುದು ಎಲ್ಲಕ್ಕಿಂತ ಹಳೆಯದು. ಭಾರ ಬೆನ್ನೆಲುಬಿನ ನೇರಕ್ಕೆ ಬರುವುದರಿಂದ ಏತದ ತೊಲೆಯೇ ಇಲ್ಲದಂತಾಗುತ್ತದೆ. 1986ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ವಿಜ್ಞಾನಿಗಳನ್ನೇ ಬೆರಗುಗೊಳಿಸಿತು. ಕೀನ್ಯಾದ ಲುವೊ ಮತ್ತು ಕಿಕುಯು ಹೆಂಗಸರು ತಮ್ಮ ಮೈತೂಕದ ಐದನೇ ಒಂದು ಭಾಗದಷ್ಟು ಹೊರೆಯನ್ನು ಹೊತ್ತು ನಡೆದಾಗ, ಬರಿಗೈಯಲ್ಲಿ ನಡೆದದ್ದಕ್ಕಿಂತ ಹೆಚ್ಚು ಶಕ್ತಿಯನ್ನೇ ವ್ಯಯಿಸುತ್ತಿರಲಿಲ್ಲ. 2005ರಲ್ಲಿ ನೇಪಾಳದ ಹೊರೆಯಾಳುಗಳನ್ನು ಎವರೆಸ್ಟಿನ ದಾರಿಯಲ್ಲಿ ತೂಗಿ ನೋಡಿದಾಗ ಗಂಡಸರು ಸರಾಸರಿ ತಮ್ಮ ಮೈತೂಕದ ಶೇಕಡಾ 93ರಷ್ಟನ್ನು ಹೊರುತ್ತಿದ್ದರು. ಹಣೆಗೆ ಪಟ್ಟಿ ಹಾಕಿ ಬೆನ್ನಿಗೆ ಬುಟ್ಟಿ ಇಳಿಬಿಟ್ಟು, ಕೆಲವು ಹೆಜ್ಜೆಗೊಮ್ಮೆ ಕೈಯಲ್ಲಿನ ಅಡ್ಡಹಿಡಿಯ ಗಿಡ್ಡ ಕೋಲನ್ನು ಬುಟ್ಟಿಯ ಅಡಿಗೆ ಆನಿಸಿ, ನಿಂತು ಉಸಿರು ತಿರುಗಿಸಿಕೊಂಡು, ಮತ್ತೆ ನಡೆಯುವುದು ಅವರ ಪದ್ಧತಿ. ಹೊರೆಗಲ್ಲನ್ನು ಕೈಯಲ್ಲಿಯೇ ಹಿಡಿದು ತಿರುಗಿದಂತೆ ಇದು.

ತಲೆಹೊರೆಯನ್ನು ಹಾಡಿ ಹೊಗಳಲು ಇಷ್ಟೇ ಸಾಲದು ಎಂಬುದನ್ನೂ ಹೇಳಬೇಕು. ಸೊಂಟ ಉಳಿದರೂ ಕತ್ತು ಉಳಿಯುವುದಿಲ್ಲ. ವರ್ಷಗಟ್ಟಲೆ ತಲೆಯ ಮೇಲೆ ಹೊತ್ತವರ ಕತ್ತಿನ ಮಣಿಗಳು ಬೇಗ ಸವೆದಿರುವುದು ಎಕ್ಸ್‌ರೇ ಚಿತ್ರಗಳಲ್ಲಿ ಕಾಣುತ್ತದೆ. ಮನೆ ಕಟ್ಟುವಲ್ಲಿ ಬಾಂಡ್ಲಿ ಹೊರುವ ಹೆಂಗಸಿನ ನಡಿಗೆಯ ಚೆಲುವನ್ನು ಮೆಚ್ಚುವವರು ಅವಳ ಕತ್ತನ್ನು ಕೇಳಿದವರಲ್ಲ.

ಎತ್ತುವ ಉಪಾಯಗಳನ್ನು ನೋಡಬೇಕೆಂದರೆ ಉತ್ತರ ಕರ್ನಾಟಕದ ಜಾತ್ರೆಗಳಿಗೆ ಹೋಗಬೇಕು. ಸಂಗ್ರಾಣಿ ಕಲ್ಲು, ಗುಂಡುಕಲ್ಲು, ತುಂಬಿದ ಚೀಲ ಎತ್ತುವ ಪಂದ್ಯಗಳಲ್ಲಿ ಅನುಭವಿ ಪೈಲ್ವಾನ ಕಲ್ಲಿನೆದುರು ಕುಕ್ಕರಗಾಲಲ್ಲಿ ಕೂರುತ್ತಾನೆ. ಕಲ್ಲನ್ನು ಮೊದಲು ತೊಡೆಗೆ ಎಳೆದುಕೊಳ್ಳುತ್ತಾನೆ, ತೊಡೆಯಿಂದ ಎದೆಗೆ ತಬ್ಬಿಕೊಳ್ಳುತ್ತಾನೆ, ಅಲ್ಲಿಂದ ಹೆಗಲಿಗೆ. ಕಲ್ಲು ಮೈಯಿಂದ ದೂರ ಹೋಗುವುದೇ ಇಲ್ಲ. ಗರಡಿಮನೆಯಲ್ಲಿ ಸಾವಿರಗಟ್ಟಲೆ ಬಸ್ಕಿ ಹೊಡೆದು ತೊಡೆ ಬಲಿತಿರುವುದರಿಂದ ಭಾರವೆಲ್ಲ ಕಾಲಿಗೆ ಬೀಳುತ್ತದೆ. ಇವತ್ತು ಕಾರ್ಖಾನೆಯ ಗೋಡೆಗೆ ಅಂಟಿಸುವ 'ಭಾರ ಎತ್ತುವ ಸರಿಯಾದ ಕ್ರಮ' ಎಂಬ ಚಿತ್ರಪಟದಲ್ಲಿ ಇರುವುದೂ ಇದೇ. ಒಂದು ವ್ಯತ್ಯಾಸವೆಂದರೆ ಪೈಲ್ವಾನ ಜಾತ್ರೆಗೊಮ್ಮೆ ಒಂದು ಕಲ್ಲು ಎತ್ತುತ್ತಾನೆ, ಹಿಂದಿನ ಆರು ತಿಂಗಳು ಹಾಲು ಬಾದಾಮಿ ತಿಂದಿರುತ್ತಾನೆ. ಹಮಾಲನಿಗೆ ಲಾರಿ ಬರಿದಾಗುವವರೆಗೆ ಬಿಡುವಿಲ್ಲ.

ಹೊರೆಯಿಂದ ಚೀಲಕ್ಕೆ

ಮೊದಲು ಭಾರದ ಅಳತೆಯನ್ನು ಹೊರುವ ಜೀವವೇ ನಿರ್ಧರಿಸುತ್ತಿತ್ತು. ಕನ್ನಡದ ಹಳೆಯ ಶಾಸನಗಳಲ್ಲಿ ಸುಂಕದ ಲೆಕ್ಕ ಬರುವಾಗ ಎತ್ತಿನ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂದು ಇರುತ್ತದೆ. ಹೇರು ಎಂದರೆ ಒಂದು ಎತ್ತಿನ ಬೆನ್ನ ಮೇಲೆ ಎರಡು ಕಡೆಗೂ ಇಳಿಬಿದ್ದ ಗೋಣಿಗಳಲ್ಲಿ ಹಿಡಿಯುವಷ್ಟು. ಹೊರೆ ಎಂದರೆ ಮನುಷ್ಯ ಹೊತ್ತು ದಾರಿ ನಡೆಯುವಷ್ಟು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ವ್ಯಾಪಾರವನ್ನು ಬರೆದುಕೊಂಡದ್ದೂ ಎತ್ತಿನ ಹೇರುಗಳ ಲೆಕ್ಕದಲ್ಲಿಯೇ. ಕರಾವಳಿಯ ಉಪ್ಪು, ಒಣಮೀನು, ತೆಂಗು ಘಟ್ಟ ಹತ್ತಿದ್ದು, ಮೇಲಿನ ಅಕ್ಕಿ, ಅಡಿಕೆ, ಮೆಣಸು ಇಳಿದದ್ದು ಹೀಗೆ ಹೇರು ಹೊರೆಗಳಾಗಿ. ತೀರ ಭಾರ ತುಂಬಿದರೆ ಎತ್ತು ಮಲಗಿಬಿಡುತ್ತದೆ. ಆದ್ದರಿಂದ ಹೇರಿಗೆ ಒಂದು ಮಿತಿ ತಾನಾಗಿಯೇ ಇತ್ತು. ದಿನವೆಲ್ಲ ನಡೆಯಬೇಕಾದ ಮನುಷ್ಯನ ಹೊರೆಗೂ ಹಾಗೆಯೇ.

ರೈಲು, ಆಮೇಲೆ ಲಾರಿ ಬಂದವು. ದೂರದ ದಾರಿಗೆ ಮನುಷ್ಯನ ತಲೆ ಬೇಡವಾಯಿತು. ಹೊರೆಗಲ್ಲುಗಳು ಒಂಟಿಯಾದವು. ಕೂಲಿಯವನ ಕಷ್ಟ ಮುಗಿಯಿತು ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು ಲೆಕ್ಕ. ರೈಲಿಗೆ ತುಂಬುವವನೂ ಇಳಿಸುವವನೂ ಅವನೇ. ಮೊದಲು ಒಂದು ಹೊರೆಯನ್ನು ಎತ್ತಿಕೊಂಡು ಹತ್ತು ಮೈಲಿ ನಡೆಯುತ್ತಿದ್ದವನು ಈಗ ಹತ್ತು ಮಾರು ನಡೆದು ನೂರು ಚೀಲ ಎತ್ತಬೇಕಾಯಿತು. ಹೊರುವ ಕೆಲಸ ಕಡಿಮೆಯಾಗಿ ಎತ್ತುವ ಕೆಲಸ ಹೆಚ್ಚಿತು. ಬೆನ್ನನ್ನು ಮುರಿಯುವುದು ಎರಡನೆಯದು.

ಚೀಲವೂ ಬದಲಾಯಿತು. ಇಂಗ್ಲಿಷಿನ 'ಗನ್ನಿ' ಎಂಬ ಮಾತಿಗೆ ನಮ್ಮ ಗೋಣಿಯೇ ಮೂಲ. ಕೈಮಗ್ಗದ ಗೋಣಿಪಟ್ಟೆಯ ಕಾಲ ಮುಗಿದು, 1855ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಜಾರ್ಜ್ ಆಕ್ಲಂಡ್ ಎಂಬಾತ ಮೊದಲ ಸೆಣಬಿನ ಗಿರಣಿ ಹಾಕಿದ ಮೇಲೆ ಒಂದೇ ಅಳತೆಯ ಗಟ್ಟಿ ಚೀಲಗಳು ಲಕ್ಷಗಟ್ಟಲೆ ಹೊರಬಂದವು. ಚೀಲ ಎಷ್ಟು ದೊಡ್ಡದಾದರೆ ಅಷ್ಟು ಲಾಭ: ಹೊಲಿಗೆ ಕಡಿಮೆ, ತೂಕ ಹಾಕುವ ಸಲ ಕಡಿಮೆ, ಲೆಕ್ಕ ಬರೆಯುವುದು ಕಡಿಮೆ. ಸ್ವಾತಂತ್ರ್ಯಾನಂತರ ಮಣ ಸೇರುಗಳು ಹೋಗಿ ಮೆಟ್ರಿಕ್ ಅಳತೆ ಬಂದಾಗ ಧಾನ್ಯದ, ಸಕ್ಕರೆಯ ಚೀಲ ಅನುಕೂಲವಾಗಿ ಒಂದು ಕ್ವಿಂಟಾಲಿಗೆ ಬಂದು ನಿಂತಿತು. ನೂರು ಕಿಲೋ. ವ್ಯಾಪಾರಿಗೆ ಸುಲಭದ ಲೆಕ್ಕ. ಅರವತ್ತು ಕಿಲೋ ಮೈತೂಕವೂ ಇಲ್ಲದ ಮನುಷ್ಯ ಅದನ್ನು ಹೊರಬೇಕೆಂಬುದು ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಬರಲಿಲ್ಲ.

ಮಂಡಿಗಳಲ್ಲಿ ನೂರು ಕಿಲೋ ಚೀಲವನ್ನು ಒಬ್ಬನೇ ಎತ್ತುತ್ತಿರಲಿಲ್ಲ. ಇಬ್ಬರು ಕೊಕ್ಕೆ ಹಾಕಿ ಎತ್ತಿ ಮೂರನೆಯವನ ಬೆನ್ನಿಗೋ ಹೆಗಲಿಗೋ ಕೊಡುತ್ತಿದ್ದರು; ಅವನು ಮುಂದಕ್ಕೆ ಬಾಗಿ, ಒಂದು ಬಗೆಯ ಕುಲುಕು ಓಟದಲ್ಲಿ ಹಲಗೆ ಹತ್ತಿ, ನಿಟ್ಟಿನ ಮೇಲೆ ಹಾಕಿ ಬರುತ್ತಿದ್ದ. ಓಡುತ್ತಿದ್ದುದು ಉತ್ಸಾಹಕ್ಕಲ್ಲ. ಭಾರ ಮೈಮೇಲೆ ಇರುವ ಹೊತ್ತನ್ನು ಕಡಿಮೆ ಮಾಡಲು. ಅರಬ್ಬಿಯಿಂದ ಬಂದ ಹಮಾಲ ಎಂಬ ಮಾತು ಆಳಿಗೆ ನಿಂತು, ಹಮಾಲಿ ಎಂಬುದು ಅವನ ಕೂಲಿಗೂ ಹೆಸರಾಯಿತು. ಆ ಕೂಲಿ ಚೀಲದ ಲೆಕ್ಕದಲ್ಲಿ. ದಿನಗೂಲಿಯವನು ಸೊಂಟ ಹಿಡಿದರೆ ಒಂದು ಗಳಿಗೆ ನಿಲ್ಲಬಹುದು; ಚೀಲಗೂಲಿಯವನು ನಿಂತಷ್ಟೂ ಅವನದೇ ನಷ್ಟ.

ನಿಲ್ಲುವುದರಿಂದ ನಷ್ಟವಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದ್ದು, ಸೋಜಿಗವೆಂದರೆ, ಕೂಲಿಗಳ ಪಕ್ಷದವರಲ್ಲ. 1899ರಲ್ಲಿ ಅಮೆರಿಕದ ಬೆತ್ಲಹೆಮ್ ಉಕ್ಕಿನ ಕಂಪನಿಯಲ್ಲಿ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರ್, ಒಂದೊಂದೂ 92 ಪೌಂಡ್ ತೂಗುವ ಕಬ್ಬಿಣದ ಗಟ್ಟಿಗಳನ್ನು ರೈಲಿಗೆ ತುಂಬುವವರನ್ನು ಗಡಿಯಾರ ಹಿಡಿದು ಗಮನಿಸಿದ. ಆಳೊಬ್ಬ ದಿನಕ್ಕೆ 12.5 ಟನ್ ತುಂಬುತ್ತಿದ್ದಲ್ಲಿ 47.5 ಟನ್ ತುಂಬುವಂತೆ ಮಾಡಿದೆ ಎಂದು ಅವನು ತನ್ನ 1911ರ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಈ ಕತೆಯಲ್ಲಿ ಬಣ್ಣ ಹಚ್ಚಿದ್ದು ಬಹಳ ಎಂದು ಇತಿಹಾಸಕಾರರು ಅನುಮಾನಿಸಿದ್ದಾರೆ. ಕೂಲಿ ಏರಿದ್ದು 1.15 ಡಾಲರಿನಿಂದ 1.85ಕ್ಕೆ ಮಾತ್ರ ಎಂಬುದನ್ನೂ ಮರೆಯಬಾರದು. ಆದರೂ ಅವನು ಕಂಡುಕೊಂಡ ಒಂದು ಅಂಶ ಗಟ್ಟಿಯಾದದ್ದು. ಅಷ್ಟು ಭಾರ ಹೊರುವವನ ಮೈಮೇಲೆ ದಿನದ ಶೇಕಡಾ 43 ಭಾಗ ಮಾತ್ರ ಹೊರೆ ಇರಬೇಕು, ಉಳಿದ 57 ಭಾಗ ಬರಿಮೈಯಲ್ಲಿರಬೇಕು, ಇಲ್ಲವಾದರೆ ಅವನು ದಿನಪೂರ್ತಿ ಬಾಳುವುದಿಲ್ಲ ಎಂಬುದು. ಹಳೆಯ ದಾರಿಯ ಹೊರೆಗಲ್ಲುಗಳನ್ನು ನಿಲ್ಲಿಸಿದವರಿಗೆ ಗಡಿಯಾರವಿಲ್ಲದೆಯೂ ಇದು ಗೊತ್ತಿತ್ತು.

ಐವತ್ತಕ್ಕೆ ಇಳಿದ ಕತೆ

ನಮ್ಮಲ್ಲಿ ಭಾರದ ಬಗ್ಗೆ ಕಾನೂನು ಇರಲಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು, ಹೊರಿಸಬಾರದು ಎಂದು ಹೇಳಿ, ತೂಕದ ಮಿತಿ ಗೊತ್ತುಪಡಿಸುವುದನ್ನು ರಾಜ್ಯಗಳಿಗೆ ಬಿಟ್ಟಿತ್ತು. ಆದರೆ ಅದು ಕಾರ್ಖಾನೆಯ ಗೇಟಿನೊಳಗೆ. ಮಂಡಿಯ ಹಮಾಲ ಯಾವ ಗೇಟಿನೊಳಗೂ ಇರಲಿಲ್ಲ. ಅವನಿಗೆ ಇಂಥವನೇ ಯಜಮಾನ ಎಂದೂ ಇರಲಿಲ್ಲ. 1967ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಗರಿಷ್ಠ ತೂಕದ ಬಗ್ಗೆ ಒಂದು ಒಡಂಬಡಿಕೆಯನ್ನು ಅಂಗೀಕರಿಸಿ, ಜತೆಗಿನ ಶಿಫಾರಸಿನಲ್ಲಿ ವಯಸ್ಕ ಗಂಡಸು ಒಬ್ಬನೇ ಹೊರುವ ಭಾರ 55 ಕಿಲೋ ಮೀರಿದ್ದರೆ ಅದನ್ನು ಆದಷ್ಟು ಬೇಗ ಅಲ್ಲಿಗೆ ಇಳಿಸಬೇಕೆಂದಿತು. ಆಗ ನಮ್ಮ ಚೀಲ ಹೆಚ್ಚುಕಡಿಮೆ ಅದರ ಎರಡರಷ್ಟಿತ್ತು.

ಒತ್ತಾಯ ಬಂದದ್ದು ಹೊರುವವರ ಕಡೆಯಿಂದಲೇ. ಪುಣೆಯಲ್ಲಿ ವೈದ್ಯರಾಗಿದ್ದ ಡಾ. ಬಾಬಾ ಆಢಾವ 1950ರ ದಶಕದಲ್ಲಿ ಹಮಾಲರನ್ನು ಸೇರಿಸಿ ಹಮಾಲ ಪಂಚಾಯತ್ ಕಟ್ಟಿದರು. ಮದ್ದು ಕೊಟ್ಟು ಕಳಿಸಿದ ಬೆನ್ನು ಮರುದಿನ ಮತ್ತೆ ಅದೇ ಚೀಲದ ಅಡಿಗೆ ಹೋಗುವುದಾದರೆ ಮದ್ದಿನಿಂದೇನು ಫಲ? ಕೂಲಿ, ರಜೆ, ಮುಪ್ಪಿನ ಭದ್ರತೆಗಳ ಜತೆಗೆ ಚೀಲದ ತೂಕವನ್ನು 50 ಕಿಲೋಗೆ ಇಳಿಸಬೇಕೆಂಬುದೂ ಅವರ ದೀರ್ಘ ಹೋರಾಟದ ಬೇಡಿಕೆಯಾಗಿತ್ತು. 1969ರಲ್ಲಿ ಮಹಾರಾಷ್ಟ್ರ ಮಾಥಾಡಿ ಮತ್ತು ಹಮಾಲರ ಕಾಯ್ದೆಯನ್ನು ತಂದಿತು. ಮಾಥಾ ಎಂದರೆ ತಲೆ, ತಲೆಯ ಮೇಲೆ ಹೊರುವವರು ಮಾಥಾಡಿಗಳು. 1978ರಲ್ಲಿ ಕೇರಳ ತನ್ನ ತಲೆಹೊರೆ ಕಾರ್ಮಿಕರಿಗಾಗಿ ಕಾಯ್ದೆ ಮಾಡಿತು.

ತೂಕ ಇಳಿಸುವುದಕ್ಕೆ ಅಡ್ಡಿ ವ್ಯಾಪಾರಿಗಳದು ಮಾತ್ರ ಎಂದುಕೊಂಡರೆ ಅರ್ಧ ಸತ್ಯ. ಚೀಲಕ್ಕಿಷ್ಟು ಎಂಬ ಕೂಲಿಯಲ್ಲಿ ಚೀಲ ಅರ್ಧವಾದರೆ ದರವೂ ಅರ್ಧವಾಗಬಹುದು. ಅಷ್ಟೇ ಸಂಪಾದನೆಗೆ ಎರಡು ಪಟ್ಟು ಓಡಾಡಬೇಕಾಗಬಹುದು. ನಲವತ್ತು ದಾಟಿದವನಿಗೆ ಹಗುರ ಚೀಲ ಬೇಕು. ಇಪ್ಪತ್ತರ ಹುಡುಗನಿಗೆ ದೊಡ್ಡ ಚೀಲ ಬೇಗ ಮುಗಿಯುತ್ತದೆಂದು ಆಸೆ. ಬೆನ್ನು ಇವತ್ತು ಖರ್ಚಾಗಿ ಬಿಲ್ಲು ಇಪ್ಪತ್ತು ವರ್ಷದ ಮೇಲೆ ಬರುವುದರಿಂದ ಈ ವಾದದಲ್ಲಿ ಹುಡುಗನ ಬಾಯಿ ಮುಚ್ಚಿಸುವುದು ಸುಲಭವಲ್ಲ. ಅಂತೂ ಇಪ್ಪತ್ತನೇ ಶತಮಾನದ ಕೊನೆ ಮತ್ತು ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಸರ್ಕಾರಿ ಧಾನ್ಯ, ಆಮೇಲೆ ಸಕ್ಕರೆ, 50 ಕಿಲೋ ಚೀಲಕ್ಕೆ ಇಳಿದವು. ನ್ಯಾಯಬೆಲೆ ಅಂಗಡಿಯ ಮುಂದೆ ಲಾರಿ ನಿಂತಾಗ ಈಗ ಇಳಿಯುವುದು ಆ ಚೀಲವೇ.

ಇಲ್ಲಿ ಒಂದು ತಮಾಷೆಯ ಮಾತು. 2018ರಲ್ಲಿ ಯೂರಿಯಾ ಚೀಲ 50ರಿಂದ 45 ಕಿಲೋಗೆ ಇಳಿಯಿತು. ಹಮಾಲನ ಬೆನ್ನಿಗೆ ಐದು ಕಿಲೋ ರಿಯಾಯಿತಿ. ಆದರೆ ಸರ್ಕಾರದ ಉದ್ದೇಶ ರೈತರು ಹೊಲಕ್ಕೆ ಸುರಿಯುವ ಗೊಬ್ಬರ ಕಡಿಮೆಯಾಗಲಿ ಎಂದಷ್ಟೇ. ಹೊರುವವನ ನೆನಪು ಆ ಕಡತದಲ್ಲಿ ಇರಲಿಲ್ಲ. ಸಿಮೆಂಟು ನಮ್ಮಲ್ಲಿ ಇನ್ನೂ 50 ಕಿಲೋ ಚೀಲದಲ್ಲಿಯೇ ಬರುತ್ತದೆ. ಬ್ರಿಟನ್ನಿನಲ್ಲಿ ಅದು 25 ಕಿಲೋಗೆ ಇಳಿದು ಎಷ್ಟೋ ಕಾಲವಾಯಿತು.

ಬುದ್ಧಿವಾದ ಎಷ್ಟು ಸಾಕು?

ಬೆನ್ನು ಉಳಿಸಿಕೊಳ್ಳುವ ಬಗೆಯನ್ನು ಕಲಿಸಿದರೆ ಸಾಕಲ್ಲವೆ ಎಂಬ ಪ್ರಶ್ನೆ ಸಹಜ. ಇದನ್ನೂ ಪರೀಕ್ಷಿಸಿ ನೋಡಲಾಗಿದೆ. ಅಮೆರಿಕದ ಸುಮಾರು 4000 ಅಂಚೆ ನೌಕರರಲ್ಲಿ ಒಂದು ಗುಂಪಿಗೆ ಭಾರ ಎತ್ತುವ ಕ್ರಮವನ್ನು ತಜ್ಞರಿಂದ ಕಲಿಸಿ, ಆಗಾಗ ನೆನಪಿಸಿ, ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. 1997ರಲ್ಲಿ ಪ್ರಕಟವಾದ ಫಲಿತಾಂಶ ಪಾಠ ಹೇಳಿದವರಿಗೆ ಕಹಿಯಾಗಿತ್ತು: ಕಲಿತವರಿಗೂ ಕಲಿಯದವರಿಗೂ ಆದ ಬೆನ್ನಿನ ಗಾಯಗಳಲ್ಲಿ ವ್ಯತ್ಯಾಸವಿರಲಿಲ್ಲ. 2008ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರೂ ಅದೇ ತೀರ್ಮಾನಕ್ಕೆ ಬಂದರು. ಬ್ರಿಟನ್ನಿನ 1992ರ ನಿಯಮಾವಳಿ ಈ ವಿಷಯದಲ್ಲಿ ಜಾಣತನದ್ದು. ಕೈಯಿಂದ ಭಾರ ಎತ್ತುವುದನ್ನು ಆದಷ್ಟೂ ತಪ್ಪಿಸಿ, ತಪ್ಪಿಸಲಾಗದಿದ್ದರೆ ಅಪಾಯವನ್ನು ಅಂದಾಜು ಮಾಡಿ, ಆಮೇಲೆ ಅದನ್ನು ತಗ್ಗಿಸಿ ಎಂದು ಅದು ಹೇಳುವುದು ಮಾಲೀಕನಿಗೆ.

ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಒಂದು ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ಭಾರ 23 ಕಿಲೋ. ಅನುಕೂಲ ಎಂದರೆ ಭಾರ ಮೈಗೆ ಹತ್ತಿರವಿರಬೇಕು, ಮೈ ತಿರುಚಬಾರದು, ಆಗೊಮ್ಮೆ ಈಗೊಮ್ಮೆ ಮಾತ್ರ ಎತ್ತಬೇಕು, ಮತ್ತು ಎತ್ತುವಾಗ ಅದು ನೆಲದಿಂದ 75 ಸೆಂಟಿಮೀಟರ್ ಮೇಲೆ, ಅಂದರೆ ಇಳಿಬಿಟ್ಟ ಕೈಗೆ ಸಿಗುವ ಎತ್ತರದಲ್ಲಿ ಇರಬೇಕು. ನೆಲದಲ್ಲಿದ್ದರೆ ಮಿತಿ ಇಳಿಯುತ್ತದೆ. ತುಂಬಿದ ಅಡುಗೆ ಅನಿಲದ ಸಿಲಿಂಡರು ತನ್ನ ಕಬ್ಬಿಣವೂ ಸೇರಿ ಹೆಚ್ಚುಕಡಿಮೆ 30 ಕಿಲೋ; ಅದನ್ನು ಎತ್ತುವುದಕ್ಕಿಂತ ವಾರೆ ಮಾಡಿ ಬುಡದ ಅಂಚಿನ ಮೇಲೆ ಉರುಳಿಸುವುದು ಸರಿ, ಮನೆಗೆ ತರುವ ಹುಡುಗರು ಮಾಡುವಂತೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ನೆಲದಲ್ಲಿಡುವ ಬದಲು ಗಟ್ಟಿಯಾದ ಸ್ಟೂಲಿನ ಮೇಲಿಟ್ಟರೆ ಅರ್ಧ ಕೆಲಸ ಆದಂತೆ. ಬಾವಿಕಟ್ಟೆಯ ಪಕ್ಕ ಕೊಡ ಇಡಲು ಎತ್ತರದ ಕಲ್ಲು ಹಾಕುತ್ತಿದ್ದರಲ್ಲ, ಅದೂ ಇದೇ. ಕೊಡವನ್ನು ಅಲ್ಲಿಂದ ಸೊಂಟಕ್ಕೆ ಜಾರಿಸಿಕೊಂಡು ಹೋಗುವವಳು ನೆಲಕ್ಕೆ ಬಗ್ಗುತ್ತಿರಲಿಲ್ಲ. ಬೀದಿ ನಲ್ಲಿ ಬಂದಾಗ ಅದನ್ನು ಮೊಳಕಾಲೆತ್ತರಕ್ಕೆ, ಕೆಲವೆಡೆ ಗುಂಡಿಯೊಳಕ್ಕೆ, ಇಳಿಸಿದವರು ಎಂಜಿನಿಯರುಗಳು.

ರೈಲು ನಿಲ್ದಾಣಗಳ ಕೂಲಿಗಳಿಗೆ 2016ರ ರೈಲ್ವೆ ಬಜೆಟ್ಟಿನಲ್ಲಿ 'ಸಹಾಯಕ' ಎಂಬ ಹೊಸ ಹೆಸರು ಸಿಕ್ಕಿತು. ಅಷ್ಟು ಹೊತ್ತಿಗೆ ಗಾಲಿಯ ಸೂಟ್‌ಕೇಸು ಅವರ ಹೊರೆಯನ್ನೂ ಸಂಪಾದನೆಯನ್ನೂ ಒಟ್ಟಿಗೆ ಇಳಿಸಿಬಿಟ್ಟಿತ್ತು.

ಅದೇ ನಿಲ್ದಾಣಗಳ ಗೂಡ್ಸ್ ಶೆಡ್ಡಿನ ಕಡೆ ಹೋದರೆ ಇನ್ನೊಂದು ನೋಟವಿದೆ. ಅಲ್ಲಿ ಕಟ್ಟೆಯನ್ನು ವ್ಯಾಗನ್ನಿನ ನೆಲದ ಮಟ್ಟಕ್ಕೆ ಕಟ್ಟಿರುತ್ತಾರೆ. ಕೆಲವು ಮಾರುಕಟ್ಟೆ ಪ್ರಾಂಗಣಗಳ ಗೋದಾಮುಗಳಲ್ಲಿಯೂ ಕಟ್ಟೆ ಲಾರಿಯ ಹಲಗೆಯ ಎತ್ತರಕ್ಕಿರುತ್ತದೆ. ಲಾರಿ ಹಿಂದಕ್ಕೆ ಬಂದು ಕಟ್ಟೆಗೆ ಒರಗಿ ನಿಂತರೆ ಚೀಲ ಮೇಲೇರುವುದೂ ಇಲ್ಲ, ಕೆಳಗಿಳಿಯುವುದೂ ಇಲ್ಲ, ತಳ್ಳುಗಾಡಿಯಲ್ಲಿ ನೇರ ಒಳಗೆ ಹೋಗುತ್ತದೆ. ಕಟ್ಟೆ ಇಲ್ಲದ ಮಳಿಗೆಗಳ ಮುಂದೆ ಅದೇ ಲಾರಿಯಿಂದ ಚೀಲ ಮಣ್ಣಿಗೆ ಬೀಳುತ್ತದೆ. ಇಬ್ಬರು ಬಗ್ಗಿ ಕೊಕ್ಕೆ ಹಾಕುತ್ತಾರೆ, ಮೂರನೆಯವನು ಬೆನ್ನು ಕೊಡುತ್ತಾನೆ.